ಎಡಗಡೆಯ ಕೆಂಪು ಗೆರೆಗೆ ಥ್ಯಾಂಕ್ಸ್

ಮೊನ್ನೆ ಒಂದು ಪುಸ್ತಕದ ಒಂದು ಫಾರಂ ಕರಡು ತಿದ್ದಿ ಮುಗಿಸಿದೆ. ಫಾರಂ ಅಂದರೆ ಪ್ರೆಸ್ಸಿನಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು, ಇದು 16 ಪುಟ. ಮೊದಲಾಗಿದ್ದರೆ ಒಂದು ಮಧ್ಯಾಹ್ನದ ಕೆಲಸ, ಈ ಸಲ ಒಂಬತ್ತು ದಿನ ಹಿಡಿಯಿತು. ಆದರೂ ಮುಗಿಸಿದೆ. ಸ್ಟ್ರೋಕ್ ಆಗಿ 14 ತಿಂಗಳಾದ ಮೇಲೆ ಇದು ಮೊದಲನೆಯದು. ಹಾಗಾಗಿ ಒಂದಷ್ಟು ಜನರಿಗೆ ಥ್ಯಾಂಕ್ಸ್ ಹೇಳಬೇಕು. ಯಾರನ್ನೂ ಬಿಡಬಾರದು ಅಂತ ಪಟ್ಟಿ ಮಾಡಿಕೊಂಡೇ ಕೂತಿದ್ದೇನೆ. ಪಟ್ಟಿ ಇಲ್ಲದೆ ನನ್ನ ಕೈಲಿ ಈಗ ಏನೂ ಆಗುವುದಿಲ್ಲ.

ಹೆಪ್ಪುಗಟ್ಟಿದ ರಕ್ತ ಮಿದುಳಿನ ಬಲಭಾಗದ ಒಂದು ರಕ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಎಡಗೈ ಬಿದ್ದುಹೋಯಿತು. ಮೂರು ತಿಂಗಳಲ್ಲಿ ಅದು ಹಿಡಿತಕ್ಕೂ ಬಂತು. ನೋಡಲು ಬಂದವರೆಲ್ಲ "ಪುಣ್ಯ ಮಾಡಿದ್ರಿ, ಏನೂ ಆಗಿಲ್ಲ ಅನ್ನೋ ಹಾಗಿದ್ದೀರಿ" ಎಂದರು. ಆಸ್ಪತ್ರೆಯಿಂದ ಕಳಿಸುವಾಗಲೂ ಕೈ, ಕಾಲು, ಬಿಪಿಯ ಬಗ್ಗೆ ಹೇಳಿದರೇ ಹೊರತು ತಲೆಯೊಳಗಿನ ಕೆಲಸ, ಅಂದರೆ ಗಮನ, ನೆನಪು, ಕೈಕೊಡಬಹುದು ಅಂತ ಒಬ್ಬರೂ ಹೇಳಲಿಲ್ಲ. ಅದೊಂದು ಕೋಪ ನನಗೆ ಇನ್ನೂ ಇದೆ.

ತಟ್ಟೆಯ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತಿತ್ತು, ನಾನು ಊಟ ಆಯಿತು ಅಂತ ಏಳುತ್ತಿದ್ದೆ. ಪೇಪರಿನಲ್ಲಿ "ಅಸಮಾಧಾನ" ಅನ್ನೋ ದಪ್ಪಕ್ಷರದ ತಲೆಬರಹವನ್ನು "ಸಮಾಧಾನ" ಅಂತ ಓದಿ, ಅಂತೂ ಜಗಳ ಮುಗೀತಂತೆ ಅಂತ ಮನೆಯಲ್ಲಿ ಸುದ್ದಿ ಹೇಳಿದ್ದೆ. ಕಣ್ಣು ಸರಿಯಾಗಿತ್ತು. ಎಡಗಡೆ ಅಂತ ಒಂದು ಇದೆ ಅನ್ನೋದೇ ಮಿದುಳಿಗೆ ಮರೆತುಹೋಗಿತ್ತು. ಬಲಭಾಗಕ್ಕೆ ಪೆಟ್ಟಾದವರಲ್ಲಿ ಇದು ಸಾಮಾನ್ಯವಂತೆ. ನಮಗೆ ಗೊತ್ತಿದ್ದರೆ ತಾನೇ! ಇವಳಿಗೆ ಊಟ ಸೇರುತ್ತಿಲ್ಲ ಅಂದುಕೊಂಡು ಮನೆಯವರು ಬೇರೆ ಅಡುಗೆ ಮಾಡುತ್ತಿದ್ದರು.

ಮೊದಲ ಥ್ಯಾಂಕ್ಸ್ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿಗೆ, ಅಂದರೆ ದಿನದಿನದ ಕೆಲಸಗಳನ್ನು ಮತ್ತೆ ಮಾಡೋಕೆ ಕಲಿಸುವವಳಿಗೆ. ಮೊದಲ ದಿನವೇ ಒಂದು ಹಾಳೆ ಕೊಟ್ಟು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದಳು. ಬರೆದು ಕೊಟ್ಟೆ. ಚೆನ್ನಾಗಿದೆ ಅಂತಲೇ ಅನ್ನಿಸಿತ್ತು. ಹನ್ನೆರಡೂ ಅಂಕಿಗಳನ್ನು ಬಲಗಡೆಯ ಅರ್ಧದೊಳಗೇ ತುರುಕಿದ್ದೆ. ಮೂವತ್ತು ವರ್ಷ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವಳು ನಾನು. ಅವಳು ಕೈ ಹಿಡಿದು ಹಾಳೆಯ ಎಡಕ್ಕೆ ಎಳೆದುಕೊಂಡು ಹೋಗುವವರೆಗೂ ಆ ತಪ್ಪು ನನಗೆ ಕಾಣಲಿಲ್ಲ.

ಅವಳೇ ನನ್ನ ಕರಡಿನ ಎಡ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ದಪ್ಪ ಕೆಂಪು ಗೆರೆ ಎಳೆದಳು. "ಕೆಂಪು ಕಾಣೋವರೆಗೂ ಓದೋಕೆ ಶುರು ಮಾಡಬೇಡಿ ಮೇಡಂ." ಅಷ್ಟೇ ಮದ್ದು. ಸಾಲಿನ ಕೆಳಗೆ ಸ್ಕೇಲು, ಪ್ರತಿ ಸಾಲು ಮುಗಿದ ಕೂಡಲೇ ಕಣ್ಣು ವಾಪಸ್ ಕೆಂಪಿಗೆ. ಶುರುವಿನಲ್ಲಿ ಒಂದು ಪ್ಯಾರಾ ಓದುವಷ್ಟರಲ್ಲಿ ಬೆವರುತ್ತಿದ್ದೆ. ಈಗ ಗೆರೆ ತೆಳ್ಳಗಾಗಿದೆ, ಆದರೂ ಬೇಕು.

ಎರಡನೆಯದು ನಮ್ಮ ಯಜಮಾನರಿಗೆ, ಪರೀಕ್ಷೆ ಮಾಡುವುದನ್ನು ನಿಲ್ಲಿಸಿದ್ದಕ್ಕೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ದಿನಾ ಕೇಳುತ್ತಿದ್ದರು, "ನಿನ್ನೆ ಯಾರು ಬಂದಿದ್ರು, ಹೇಳು ನೋಡೋಣ? ಯೋಚನೆ ಮಾಡು, ಯೋಚನೆ ಮಾಡು." ನಾನು ಏನೋ ಒಂದು ಹೆಸರು ಹೇಳುತ್ತಿದ್ದೆ. ಮಾರನೆಯ ದಿನ ಅದೇ ತಪ್ಪು ಹೆಸರು ನಾಲಿಗೆಗೆ ಬರುತ್ತಿತ್ತು! ಥೆರಪಿಸ್ಟ್ ಬಿಡಿಸಿ ಹೇಳಿದಳು: ನೆನಪು ಕೈಕೊಟ್ಟವರಿಗೆ ಊಹೆ ಮಾಡಿಸಬಾರದು, ತಪ್ಪು ಉತ್ತರವೇ ಅಂಟಿಕೊಂಡುಬಿಡುತ್ತದೆ. ಗೊತ್ತಿಲ್ಲ ಅಂದರೆ ಸರಿಯಾದದ್ದನ್ನು ತಕ್ಷಣ ಹೇಳಿಬಿಡಿ. ಒಂದು ನಿಮಿಷ ಬಿಟ್ಟು ಕೇಳಿ, ಸರಿ ಬಂದರೆ ಎರಡು ನಿಮಿಷ, ಆಮೇಲೆ ನಾಲ್ಕು, ಎಂಟು. ಹೊಸ ಮಾತ್ರೆ ಡಬ್ಬಿ ಎಲ್ಲಿದೆ ಅಂತ ನಾನು ಕಲಿತದ್ದು ಹೀಗೆ. ಗಡಿಯಾರ ನೋಡಿಕೊಂಡು ಹೆಂಡತಿಗೆ ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುವ ಗಂಡ ಎಲ್ಲರಿಗೂ ಸಿಗುವುದಿಲ್ಲ, ಅಲ್ವಾ?

ಮಗಳಿಗೆ, ನೋಟ್‌ಬುಕ್‌ಗಾಗಿ. ಮನೆ ತುಂಬ ನಾನು ಅಂಟಿಸಿದ್ದ ಚೀಟಿಗಳನ್ನೆಲ್ಲ ಕಿತ್ತು, ಒಂದೇ ಪುಸ್ತಕ ಕೊಟ್ಟು, "ಅಮ್ಮ, ಇದರಲ್ಲಿ ಇಲ್ಲದ್ದು ಎಲ್ಲೂ ಇಲ್ಲ" ಎಂದಳು. ಫೋನಿನ ಅಲಾರಂ ಬಡಿದರೂ ಯಾತಕ್ಕೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಈಗ ಅಲಾರಂ ಜೊತೆಗೆ "ಬಿಪಿ ಮಾತ್ರೆ" ಅಂತ ಅವಳು ಬರೆದಿಟ್ಟದ್ದು ಪರದೆ ಮೇಲೆ ಬರುತ್ತದೆ. ಒಮ್ಮೆ ಮಾತ್ರೆಗೆ ಮೊದಲೇ ಟಿಕ್ ಹಾಕಿ, ನೀರು ತರಲು ಹೋದವಳು ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತ ನಿಂತಿದ್ದೆ. ಆವತ್ತಿಂದ ಏಳು ಖಾನೆಯ ಡಬ್ಬಿ ಬಂತು. ಖಾನೆ ಖಾಲಿ ಇದ್ದರೆ ನುಂಗಿದ್ದೇನೆ, ಇಲ್ಲದಿದ್ದರೆ ಇಲ್ಲ. ಇದು ಸಣ್ಣ ವಿಷಯವಲ್ಲ. ಇನ್ನೊಂದು ಸ್ಟ್ರೋಕ್ ಬಾರದಂತೆ ಕಾಯುತ್ತಿರುವುದು ಆ ಮಾತ್ರೆಗಳೇ.

ಪ್ರೆಸ್ಸಿನ ಗೆಳೆಯರಿಗೆ. ಒಮ್ಮೆಗೆ ಎರಡೇ ಪುಟ ಕಳಿಸಿದರು, ಯಾವತ್ತೂ "ಎಷ್ಟೊತ್ತಿಗಾಗುತ್ತೆ?" ಅಂತ ಕೇಳಲಿಲ್ಲ. ಬೆಳಿಗ್ಗೆ ನಲವತ್ತು ನಿಮಿಷ ಓದಿದರೆ ತಲೆ ಥಟ್ಟನೆ ಆರಿಹೋಗುತ್ತದೆ, ಸ್ವಿಚ್ ಆಫ್ ಮಾಡಿದ ಹಾಗೆ. ಇದು ನಿದ್ದೆ ಬಂದ ಹಾಗಲ್ಲ, ಸೋಮಾರಿತನವೂ ಅಲ್ಲ. ಹೀಗೆ ಅಂತ ನಂಬಿದವರು ಕಡಿಮೆ. ನಂಬಿದ ನಿಮಗೆ ಜಾಸ್ತಿ ಥ್ಯಾಂಕ್ಸ್.

ಮನೆಗೆ ಬಂದಾಗ ಟಿವಿ ಆರಿಸಿ, ಒಬ್ಬೊಬ್ಬರಾಗಿ ಮಾತಾಡಿದ ನೆಂಟರಿಗೂ ಥ್ಯಾಂಕ್ಸ್. ಇಬ್ಬರು ಒಟ್ಟಿಗೆ ಮಾತಾಡಿದರೆ ನನಗೆ ಒಬ್ಬರದ್ದೂ ದಕ್ಕುವುದಿಲ್ಲ.

ಆರನೇ ತಿಂಗಳಲ್ಲಿ ನಾನು ಸುಮ್ನೆ ಕೂತು ಅಳುತ್ತಿದ್ದೆ. ಮೊದಲ ತಿಂಗಳುಗಳ ವೇಗದ ಚೇತರಿಕೆ ನಿಧಾನವಾಗಿತ್ತು, ಇನ್ನು ಇಷ್ಟೇ ಅಂದುಕೊಂಡಿದ್ದೆ. ಡಾಕ್ಟರು ಅದನ್ನು ಮನಸ್ಸಿನ ದೌರ್ಬಲ್ಯ ಅನ್ನಲಿಲ್ಲ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದು ನೆನಪನ್ನೂ ಇನ್ನಷ್ಟು ಕೆಡಿಸುತ್ತದೆ, ಚಿಕಿತ್ಸೆ ಇದೆ ಎಂದರು. ಚೇತರಿಕೆ ನಿಧಾನವಾಗುತ್ತದೆ, ನಿಂತುಹೋಗುವುದಿಲ್ಲ ಅಂತಲೂ ಹೇಳಿದರು. ಆ ದಿನದ ಪುಟಕ್ಕೆ ನೋಟ್‌ಬುಕ್ಕಿನಲ್ಲಿ ಇನ್ನೂ ಕ್ಲಿಪ್ ಹಾಕಿಟ್ಟಿದ್ದೇನೆ.

ಎಲ್ಲ ವಾಪಸ್ ಬಂದಿಲ್ಲ. ಬಾಯಿಲೆಕ್ಕ ಹೋದದ್ದು ಹೋಯಿತು. 100ರಿಂದ ಏಳೇಳು ಕಳೆಯುತ್ತ ಬಂದರೆ 86ರ ಹತ್ತಿರ ಕಳೆದುಹೋಗುತ್ತೇನೆ. ಹೊಸಬರ ಹೆಸರು ನಿಲ್ಲುವುದಿಲ್ಲ, ಎದುರಿಗೇ ಬರೆದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇದನ್ನೂ ಕೆಂಪು ಗೆರೆ ಇಟ್ಟುಕೊಂಡೇ ನಾಲ್ಕು ದಿನದಲ್ಲಿ ಬರೆದದ್ದು. ಸಾಲಿನ ಎಡಗಡೆ ಅಕ್ಷರ ಬಿಟ್ಟಿದ್ದರೆ ಸ್ಟ್ರೋಕಿನ ಲೆಕ್ಕಕ್ಕೆ ಹಾಕಿ. ಬಲಗಡೆ ಬಿಟ್ಟಿದ್ದರೆ ಅದು ನನ್ನದೇ, ಮೊದಲಿನಿಂದಲೂ ಇದ್ದದ್ದು.