ಅಂಕಿಯ ಜೊತೆ ಅವರ ಕೆಲಸವನ್ನೂ ಹೇಳಿ

ಮಾನ್ಯ ಸಂಪಾದಕರೇ,

ಸಾರ್ವಜನಿಕ ಆರೋಗ್ಯ ಸಂಶೋಧಕರೊಬ್ಬರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಎಷ್ಟು ಪೇಪರ್ (ಸಂಶೋಧನಾ ಲೇಖನ) ಬರೆದಿದ್ದಾರೆ, ಎಷ್ಟು ಸೈಟೇಶನ್ ಬಂದಿವೆ, ಅಂದರೆ ಬೇರೆಯವರು ತಮ್ಮ ಬರಹಗಳಲ್ಲಿ ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಎಚ್-ಇಂಡೆಕ್ಸ್ ಎಷ್ಟು, ಎಲ್ಲ ಇತ್ತು. ಆದರೆ ಅವರು ಯಾವ ಕಾಯಿಲೆಯ ಮೇಲೆ ಕೆಲಸ ಮಾಡಿದರು, ಏನು ಕಂಡುಕೊಂಡರು ಅನ್ನೋದು ಕೊನೆವರೆಗೂ ಸಿಗಲಿಲ್ಲ. ಬೇಜಾರಾಯಿತು, ಅದಕ್ಕೇ ಈ ಪತ್ರ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಬಡ್ತಿ ಅರ್ಜಿಗಳು ಬಂದಾಗ ಸಂಶೋಧಕರ ಪೇಪರ್ ಪಟ್ಟಿ ನೋಡಿ, ಒಂದೊಂದರ ಸೈಟೇಶನ್ ಎಣಿಸಿ ಕೊಡುತ್ತೇನೆ. ಒಮ್ಮೆ ಒಬ್ಬ ಸಂಶೋಧಕರ ಕ್ಷಯರೋಗದ ಪೇಪರ್‌ಗಳ ಮಧ್ಯೆ ಕಾಂಕ್ರೀಟ್ ಬಿರುಕಿನ ಬಗ್ಗೆ ಒಂದು ಪೇಪರ್ ಕಂಡಿತು. ಗಾಬರಿಯಾಗಿ ಹುಡುಕಿದರೆ ಅಂಥವು ಇನ್ನೂ ಆರು. ಅದೇ ಹೆಸರು, ಅದೇ ಇನಿಷಿಯಲ್‌ನ ಒಬ್ಬ ಇಂಜಿನಿಯರ್ ಬರೆದದ್ದನ್ನು, ಪೇಪರ್ ಹುಡುಕಿ ಸೈಟೇಶನ್ ಎಣಿಸುವ ಗೂಗಲ್ ಸ್ಕಾಲರ್ ತಾಣ ತಾನೇ ಇವರ ಪಟ್ಟಿಗೆ ಸೇರಿಸಿಬಿಟ್ಟಿತ್ತು. ಪಾಪ, ಅವರಿಗೂ ಗೊತ್ತಿರಲಿಲ್ಲ. ತೆಗೆದ ಮೇಲೆ ಒಟ್ಟು ಸಂಖ್ಯೆ ಕಾಲು ಭಾಗ ಇಳಿಯಿತು. ಇಂಥ ಗೊಂದಲ ಇಲ್ಲದಿದ್ದರೂ ಒಬ್ಬರಿಗೇ ಸ್ಕೋಪಸ್ ಎಂಬ ಇನ್ನೊಂದು ಸೈಟೇಶನ್ ತಾಣದಲ್ಲಿ ಒಂದು ಸಂಖ್ಯೆ, ಗೂಗಲ್ ಸ್ಕಾಲರ್‌ನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಇರುತ್ತದೆ, ಯಾಕೆಂದರೆ ಗೂಗಲ್ ಥೀಸಿಸ್, ವರದಿ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹೊರಹಾಕಿದ ಪೇಪರ್) ಎಲ್ಲವನ್ನೂ ಎಣಿಸುತ್ತದೆ. ನಿಮ್ಮ ಬರಹದಲ್ಲಿ ಆ ಅಂಕಿ ಎಲ್ಲಿಂದ ತೆಗೆದದ್ದು ಅಂತಲೇ ಇರಲಿಲ್ಲ.

ಎಚ್-ಇಂಡೆಕ್ಸ್ ಅನ್ನೋದು 2005ರಲ್ಲಿ ಹಿರ್ಷ್ ಎಂಬ ಭೌತಶಾಸ್ತ್ರಜ್ಞ ಸೂಚಿಸಿದ ಲೆಕ್ಕ. ಒಬ್ಬರ 20 ಪೇಪರ್‌ಗಳಿಗೆ ಕನಿಷ್ಠ ತಲಾ 20 ಸೈಟೇಶನ್ ಇದ್ದು, ಇಪ್ಪತ್ತೊಂದಕ್ಕೆ ಆ ಲೆಕ್ಕ ಹೊಂದದಿದ್ದರೆ ಅವರ ಎಚ್-ಇಂಡೆಕ್ಸ್ 20. ಆ ಇಪ್ಪತ್ತರಲ್ಲಿ ಒಂದಕ್ಕೆ 5,000 ಸೈಟೇಶನ್ ಬಂದರೂ ಅಂಕಿ ಕದಲುವುದಿಲ್ಲ. 30 ವರ್ಷ ದುಡಿದವರಿಗೆ ಅದು ಸಹಜವಾಗಿ ಜಾಸ್ತಿ, ಮೊನ್ನೆ ಪಿಎಚ್‌ಡಿ ಮುಗಿಸಿದವರಿಗೆ ಕಮ್ಮಿ. ಇನ್ನು ಜಗತ್ತಿನಲ್ಲಿ ಯಾವ ಕಾಯಿಲೆಯಿಂದ ಎಷ್ಟು ಹಾನಿ ಎಂದು ಲೆಕ್ಕ ಹಾಕುವ ಗ್ಲೋಬಲ್ ಬರ್ಡನ್ ಆಫ್ ಡಿಸೀಸ್‌ನಂಥ ದೊಡ್ಡ ಅಧ್ಯಯನಗಳಲ್ಲಿ ನೂರಾರು ಲೇಖಕರು ಇರುತ್ತಾರೆ, ಒಬ್ಬೊಬ್ಬರ ಖಾತೆಗೂ ಪೂರ್ತಿ ಸೈಟೇಶನ್ ಬೀಳುತ್ತದೆ. ಅದು ಅವರ ತಪ್ಪಲ್ಲ, ಅಷ್ಟು ದೊಡ್ಡ ಕೆಲಸಕ್ಕೆ ಅಷ್ಟು ಜನ ಬೇಕೇ ಬೇಕು. ಆದರೆ ಅದರಲ್ಲಿ ಇವರು ಮಾಡಿದ್ದೇನು ಅಂತ ಕೇಳಬೇಕಲ್ವಾ?

ಸೈಟೇಶನ್ ಅಂದರೆ ಮೆಚ್ಚುಗೆ ಅಂತಲೂ ಅಲ್ಲ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಅನುಮಾನ ಹಬ್ಬಿಸಿದ ಬ್ರಿಟಿಷ್ ವೈದ್ಯ ವೇಕ್‌ಫೀಲ್ಡ್ ಅವರ ಪೇಪರ್ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂತು. ಅಧ್ಯಯನ ಮಾಡಿದ್ದು ಬರೀ 12 ಮಕ್ಕಳನ್ನು. 2010ರಲ್ಲಿ ಜರ್ನಲ್ ಅದನ್ನು ಹಿಂತೆಗೆದುಕೊಂಡಿತು. ಅದಕ್ಕೆ ಸಾವಿರಕ್ಕೂ ಹೆಚ್ಚು ಸೈಟೇಶನ್ ಇವೆ, ಬಹುಪಾಲು ಅದು ತಪ್ಪು ಎಂದು ಹೇಳುವುದಕ್ಕೆ. ಎಣಿಕೆಯಲ್ಲಿ ಹೊಗಳಿದ್ದೂ ತೆಗಳಿದ್ದೂ ಒಂದೇ.

ಈಗ ವೈದ್ಯ ದಿಲೀಪ್ ಮಹಲನಬೀಸ್ ಅವರನ್ನು ನೋಡಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದ್ದರು, ಕಾಲರಾ ಹರಡಿತ್ತು, ರಕ್ತನಾಳಕ್ಕೆ ಕೊಡುವ ಸಲೈನ್ ಸಾಲುತ್ತಿರಲಿಲ್ಲ. ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ತೂಗಿಸಿ ಪೊಟ್ಟಣ ಕಟ್ಟಿಸಿದರು. ನೀರಿಗೆ ಬೆರೆಸಿ ಡ್ರಮ್‌ಗಳಲ್ಲಿ ಇಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗೆ ಬಂತು. ಆ ಕೆಲಸದ ಪೇಪರ್ ಅಚ್ಚಾಗಿದ್ದು 1973ರಲ್ಲಿ. ಇವತ್ತು ಭೇದಿಯಾದ ಮಗುವಿಗೆ ಓಆರ್‌ಎಸ್ ಪೊಟ್ಟಣ ಕತ್ತರಿಸಿ ನೀರಿಗೆ ಹಾಕುವ ತಾಯಿ ಯಾರ ಪೇಪರನ್ನೂ ಉಲ್ಲೇಖಿಸುವುದಿಲ್ಲ. ಆ ಲೋಟ ಯಾವ ಸೈಟೇಶನ್ ಪಟ್ಟಿಗೂ ಸೇರುವುದಿಲ್ಲ. ಸಾರ್ವಜನಿಕ ಆರೋಗ್ಯದ ಕೆಲಸ ಹೀಗೆ ಮನೆಮನೆಯಲ್ಲಿ ಕರಗಿ ಹೋಗುವಂಥದ್ದು, ಅದಕ್ಕೇ ಅದನ್ನು ಬಾಯಿಬಿಟ್ಟು ಹೇಳುವವರು ಬೇಕು.

ಅಂಕಿ ಹಾಕಲೇಬೇಡಿ ಅನ್ನುತ್ತಿಲ್ಲ. ಹಾಕಿ, ಎಲ್ಲಿಂದ, ಯಾವ ದಿನ ತೆಗೆದದ್ದು ಅಂತ ಪಕ್ಕದಲ್ಲೇ ಬರೆಯಿರಿ. ಜೊತೆಗೆ ನಿಮ್ಮ ವರದಿಗಾರರು ಆ ಸಂಶೋಧಕರ ಒಂದೇ ಒಂದು ಪೇಪರ್ ಓದಿ, ಇದರಿಂದ ಯಾವ ಆಸ್ಪತ್ರೆಯಲ್ಲಿ, ಯಾವ ಲಸಿಕೆ ಪಟ್ಟಿಯಲ್ಲಿ, ಯಾವ ನಿಯಮದಲ್ಲಿ ಏನು ಬದಲಾಯಿತು ಅಂತ ಅವರನ್ನೇ ಕೇಳಲಿ. ಮೊನ್ನೆ ಬರೆದವರ ಬಗ್ಗೆಯೇ ಇನ್ನೊಂದು ಬರಹ ಹಾಕಿದರೆ ಬಹಳ ಸಂತೋಷ. ಅವರು ಏನು ಮಾಡಿದರು ಅಂತ ನನಗೆ ನಿಜವಾಗಿಯೂ ತಿಳಿಯಬೇಕಿದೆ.

ಇಂತಿ,
ಗ್ರಂಥಾಲಯದ ಒಬ್ಬ ಓದುಗಿ