ಅಪ್ಪನ ಮೇಲೆ ರೇಗಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಎರಡು ಸಲ ಓದಿದೆ. ಯಾವುದೋ ವಿಡಿಯೋ ನೋಡಿ ಅಪ್ಪ ಬಿಪಿ ಮಾತ್ರೆ ನಿಲ್ಲಿಸಿದ್ದಾನೆ, ಮನೆಯಲ್ಲಿ ದಿನಾ ಜಗಳ ಅಂತ ಬರೆದಿದ್ದೀಯ. "ಓದಿಕೊಂಡವರೂ ಇದನ್ನೆಲ್ಲ ಹೇಗೆ ನಂಬುತ್ತಾರೆ ಅತ್ತೆ?" ಅಂತ ಕೇಳಿದ್ದೀಯ. ನನ್ನ ತಮ್ಮ ದಡ್ಡನಲ್ಲ ಕಣೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನದೇ ಒಂದು ರಾತ್ರಿಯ ವಿಷಯ ಕೇಳು. ಕೆಲವು ವರ್ಷಗಳ ಹಿಂದೆ ಕುತ್ತಿಗೆಯ ಪಕ್ಕ ಒಂದು ಗಂಟು ಕೈಗೆ ಸಿಕ್ಕಿತು. ಎಲ್ಲರೂ ಮಲಗಿದ್ದರು. ದೀಪ ಹಾಕದೆ, ಹೊದಿಕೆಯೊಳಗೆ ಫೋನ್ ಹಿಡಿದು ಹುಡುಕಿದೆ. ಇನ್ನೊಂದು ಕೈ ಗಂಟಿನ ಮೇಲೇ ಇತ್ತು. ಮೊದಲು ತೆರೆದ ಪುಟದಲ್ಲಿ "ಹಲವು ಕಾರಣಗಳಿರಬಹುದು, ವೈದ್ಯರಿಗೆ ತೋರಿಸಿ" ಅಂತಿತ್ತು. ಅರ್ಧ ಪದಗಳು ತಲೆಗೆ ಹತ್ತಲಿಲ್ಲ. ಮುಚ್ಚಿಬಿಟ್ಟೆ. ಆಮೇಲೆ ನನ್ನ ವಯಸ್ಸಿನ ಹೆಂಗಸೊಬ್ಬಳ ವಿಡಿಯೋ ಸಿಕ್ಕಿತು. "ನನಗೂ ಹೀಗೇ ಆಗಿತ್ತು, ಹದಿನೈದು ದಿನದಲ್ಲಿ ಕರಗಿತು" ಅಂದಳು. ಅವಳ ಹೆಸರೂ ನನಗೆ ಗೊತ್ತಿಲ್ಲ. ಆದರೂ ಅವಳನ್ನು ನಂಬಿ ನಿದ್ದೆ ಹೋದೆ. ಡಾಕ್ಟರ ಹತ್ತಿರ ಹೋಗಿದ್ದು ಎರಡು ತಿಂಗಳ ಮೇಲೆ. ಪುಣ್ಯಕ್ಕೆ ಏನೂ ಇರಲಿಲ್ಲ. ಇದ್ದಿದ್ದರೆ ಆ ಎರಡು ತಿಂಗಳೇ ಮುಳುವಾಗುತ್ತಿತ್ತು.

ಆ ರಾತ್ರಿ ನನಗೆ ಬೇಕಿದ್ದದ್ದು ಧೈರ್ಯ. ಅದನ್ನು ಕೊಟ್ಟವಳ ಮಾತು ನಿಜ ಅನ್ನಿಸಿತು. ಜನ ಕಂಪ್ಯೂಟರನ್ನು ಯಾಕೆ ಒಪ್ಪಿ ಬಳಸುತ್ತಾರೆ ಅಂತ 1989ರಲ್ಲಿ ಫ್ರೆಡ್ ಡೇವಿಸ್ ಎಂಬ ಸಂಶೋಧಕರು ಬರೆದಿದ್ದರು: ನನಗೆ ಇದರಿಂದ ಉಪಯೋಗವಿದೆ ಅನ್ನಿಸಬೇಕು, ಬಳಸುವುದು ಸುಲಭ ಅನ್ನಿಸಬೇಕು. ಆರೋಗ್ಯದ ಮಾಹಿತಿಗೂ ಇದು ಹೊಂದುತ್ತದೆ. ಆದರೆ ಸುಲಭವಾಗಿ ಅರ್ಥವಾಗಿದ್ದೆಲ್ಲ ಸರಿಯೇ ಇರಬೇಕು ಅಂತೇನಿಲ್ಲ, ಅಲ್ವಾ? ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬಿದ್ದರೆ ನಿಜ ಅನ್ನಿಸುತ್ತದೆ ಅಂತ 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಈಗಂತೂ ಒಂದು ವಿಡಿಯೋ ನೋಡಿದರೆ ಫೋನ್ ಅಂಥದ್ದೇ ಹತ್ತು ತಂದು ಮುಂದಿಡುತ್ತದೆ.

ಅಪ್ಪನ ವಿಷಯದಲ್ಲಿ ಇನ್ನೊಂದಿದೆ. ಬಿಪಿ ಜಾಸ್ತಿ ಇದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಮಾತ್ರೆ ಬಿಟ್ಟ ಮರುದಿನವೂ ಚೆನ್ನಾಗೇ ಇರುತ್ತಾರೆ. ಮಾತ್ರೆಯಿಂದ ಸುಸ್ತೋ, ಕಾಲು ಊತವೋ ಇದ್ದಿದ್ದರೆ ಅದೂ ಹೋಗಿ ಮೈ ಹಗುರಾಗುತ್ತದೆ. ವಿಡಿಯೋ ಹೇಳಿದ್ದಕ್ಕೆ ಅವನ ಮೈಯೇ ಸಾಕ್ಷಿ ನುಡಿದ ಹಾಗಾಯಿತು. ಒಳಗೆ ರಕ್ತನಾಳಕ್ಕೆ, ಹೃದಯಕ್ಕೆ, ಕಿಡ್ನಿಗೆ ಬೀಳುವ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಅಂಥವನಿಗೆ ನೀನು "ಅದೆಲ್ಲ ಸುಳ್ಳು" ಅಂದರೆ ಹೇಗೆ ಒಪ್ಪುತ್ತಾನೆ?

ಮೊದಲು ಅವನನ್ನು ಕೇಳು, ಮಾತ್ರೆಯಿಂದ ಏನು ತೊಂದರೆ ಆಗುತ್ತಿತ್ತು ಅಂತ. ಬಹುಶಃ ಇಷ್ಟು ದಿನ ಯಾರೂ ಕೇಳಿಲ್ಲ. ಮಾತ್ರೆ ಬದಲಾಯಿಸುವುದಕ್ಕೂ ದಾರಿ ಇದೆ, ಅದನ್ನು ಡಾಕ್ಟರ್ ತೀರ್ಮಾನಿಸಲಿ. ಆಮೇಲೆ ಪಕ್ಕದಲ್ಲಿ ಕೂತು ಆ ವಿಡಿಯೋ ಪೂರ್ತಿ ನೋಡು. ಮಾತಾಡುವವರು ಯಾರು, ಕೊನೆಗೆ ಏನಾದರೂ ಮಾರುತ್ತಾರಾ, ಇದು ಯಾರಿಗೆ ಆಗಿಬರುವುದಿಲ್ಲ ಅಂತ ಒಮ್ಮೆಯಾದರೂ ಹೇಳುತ್ತಾರಾ, ಅವನೇ ಗಮನಿಸಲಿ. ನೀನು ನಡುವೆ ಬಾಯಿ ಹಾಕಬೇಡ.

ಬಿಪಿ ಮಾತ್ರ ಇವತ್ತೇ ಅಳೆಸು. ಕೆಲವು ಮಾತ್ರೆ ಥಟ್ಟನೆ ಬಿಟ್ಟರೆ ಬಿಪಿ ಒಮ್ಮೆಲೇ ಏರುವುದೂ ಉಂಟು. ಐದು ನಿಮಿಷ ಸುಮ್ನೆ ಕೂರಿಸಿ ನೋಡಿಸು, ಅಂಕಿ ಬರೆದು ಅವನ ಕೈಗೇ ಕೊಡು. 180/120 ದಾಟಿ, ಎದೆನೋವು, ಉಸಿರಾಟದ ಕಷ್ಟ ಇದ್ದರೆ ಅಥವಾ ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಭಾನುವಾರ ಫೋನ್ ಮಾಡುತ್ತೇನೆ. ಮೊದಲು ಅಪ್ಪನಿಗೇ ಕೊಡು. ಆ ಗಂಟಿನ ವಿಷಯ ನಾನು ಅವನಿಗೂ ಇದುವರೆಗೆ ಹೇಳಿಲ್ಲ.

ನಿನ್ನ
ಅತ್ತೆ