ಹಗ್ಗ ಕಟ್ಟಿ ಎಳೆಯಬೇಡಿ, ಮೊದಲು ಪ್ಲಗ್ ಬಿಚ್ಚಿ

ಮಾನ್ಯ ಸಂಪಾದಕರೇ,

ಆಯುಧ ಪೂಜೆ ಹತ್ತಿರ ಬಂತೆಂದರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಒಂದು ಕೆಲಸ ಶುರುವಾಗುತ್ತದೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಅಜ್ಜನ ಕಾಲದ ಜೀಪನ್ನು ಹೊರಗೆ ತಂದು, ತೊಳೆದು, ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುತ್ತಾರೆ. ತಿರುಗಲಿಲ್ಲ ಅಂದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ಗೇರಿಗೆ ಹಾಕಿ ಎಳೆಸುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಇಷ್ಟು ಹೇಳಲಿಕ್ಕೇ ಈ ಪತ್ರ.

ನಾಲ್ಕು ಸಿಲಿಂಡರಿನ ಎಂಜಿನ್ ಸುತ್ತಿನ ಯಾವ ಹಂತದಲ್ಲಿ ನಿಂತರೂ ಯಾವುದಾದರೂ ಒಂದು ಸಿಲಿಂಡರಿನ ವಾಲ್ವ್, ಅಂದರೆ ಗಾಳಿ-ಹೊಗೆ ಹೋಗಿಬರುವ ಬಾಗಿಲು, ತೆರೆದೇ ಇರುತ್ತದೆ. ನಮ್ಮ ಮಳೆಗಾಲದ ಥಂಡಿ ಗಾಳಿ ಸೈಲೆನ್ಸರಿನಿಂದಲೋ ಕಾರ್ಬೊರೇಟರಿನಿಂದಲೋ ಒಳಗೆ ಹೋಗಿ ಅಲ್ಲೇ ನೀರಾಗುತ್ತದೆ. ಉಳಿದ ಬೋರ್‌ಗಳು (ಸಿಲಿಂಡರಿನ ಒಳಗೋಡೆ) ಹೊಳೆಯುತ್ತಿದ್ದರೂ ಆ ಒಂದರಲ್ಲಿ ಪಿಸ್ಟನ್ನಿನ ಸುತ್ತಲಿನ ರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಅದನ್ನು ಟ್ರ್ಯಾಕ್ಟರಿನ ಬಲದಲ್ಲಿ ಎಳೆದರೆ ರಿಂಗ್ ಮುರಿಯುತ್ತದೆ, ಬೋರ್ ಗೀರುತ್ತದೆ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು.

ಪಕ್ಕದ ತೋಟದವರ ಪೆಟ್ರೋಲ್ ಜೀಪ್, ಮಹೀಂದ್ರದ ಸಿಜೆ3ಬಿ, ಬಿಚ್ಚುವಾಗ ನಾನೂ ಜೊತೆಗಿದ್ದೆ. ಏರ್ ಕ್ಲೀನರ್ ಮುಚ್ಚಳ ತೆಗೆದರೆ ಒಳಗೆ ಇಲಿ ಗೂಡು, ಅಡಿಕೆ ಸಿಪ್ಪೆಯ ನಾರು ಮತ್ತು ಗೋಣಿ ಎಳೆ ಸೇರಿಸಿ ಕಟ್ಟಿದ್ದು. ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ತುಕ್ಕಿನ ಕೆಂಪು ಪುಡಿ. ಮೆಕ್ಯಾನಿಕ್ ವಯಸ್ಸಾದವರು, ಒಂದು ಚೂರೂ ಅವಸರ ಮಾಡಲಿಲ್ಲ. ಡೀಸೆಲ್ಲಿಗೆ ಪವರ್ ಸ್ಟೀರಿಂಗ್ ಆಯಿಲ್ ಬೆರೆಸಿ ಪ್ಲಗ್ ತೂತಿನಿಂದ ನಾಲ್ಕೂ ಸಿಲಿಂಡರಿಗೆ ಬಿಟ್ಟು, ದಿನಗಟ್ಟಲೆ ಹಾಗೇ ಬಿಟ್ಟರು. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಿಂದ ಅತ್ತ ಸ್ವಲ್ಪ, ಇತ್ತ ಸ್ವಲ್ಪ. ಬಿಗಿಯಾದರೆ ನಿಲ್ಲಿಸಿ ಮತ್ತೆ ಎಣ್ಣೆ. ಈ ಎಂಜಿನ್ನಿನಲ್ಲಿ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮೇಲಿನ ಹೆಡ್ಡಿನಲ್ಲಲ್ಲ, ಕೆಳಗಿನ ಬ್ಲಾಕಿನಲ್ಲೇ ಇರುತ್ತದೆ, ಪಕ್ಕದ ಮುಚ್ಚಳ ಬಿಚ್ಚಿ ಅದು ಸರಿಯಾಗಿ ಮೇಲೆ ಕೆಳಗೆ ಆಡುತ್ತಿದೆಯೇ ಅಂತಲೂ ನೋಡಿದರು. ಹೆಡ್ ಬಿಚ್ಚುವ ಪ್ರಮೇಯವೇ ಬರಲಿಲ್ಲ.

ಎಂಜಿನ್ ಬಿಟ್ಟುಕೊಂಡ ಮೇಲೂ ತಡೆಯಬೇಕು. ವರ್ಷಗಟ್ಟಲೆ ನಿಂತದ್ದರಲ್ಲಿ ಆಯಿಲ್ ಎಲ್ಲ ಎಂಜಿನ್ನಿನ ತಳದ ತೊಟ್ಟಿಗೆ ಇಳಿದು ಬೇರಿಂಗ್ ಒಣಗಿರುತ್ತದೆ. ಹಳೇ ಆಯಿಲ್ ಇಳಿಸಿ ಹೊಸದು ಹಾಕಿ, ಪ್ಲಗ್ ಇಲ್ಲದೆಯೇ ತಿರುಗಿಸಿ, ಆಯಿಲ್ ಪ್ರೆಶರ್ ಮುಳ್ಳು ಏರಿದ ಮೇಲಷ್ಟೇ ಪ್ಲಗ್ ಕೂರಿಸಬೇಕು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ, ಅದನ್ನು ಪೂರ್ತಿ ಚೆಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆಯಿರಿ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತದ್ದು. ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನೂ ಪೆಟ್ರೋಲ್ ಪಂಪಿನೊಳಗಿನ ತೆಳು ಪೊರೆಯನ್ನೂ (ಡಯಾಫ್ರಾಮ್) ಹಾಳು ಮಾಡುತ್ತದೆ. ಅವೆರಡನ್ನೂ ಬದಲಾಯಿಸಿ, ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿಟ್ಟು ಸುಮ್ನೆ ನಿಲ್ಲಿಸಬೇಡಿ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೂ ಇದೇ ಮಾತು, ಕಿಕ್ ಇಳಿಯದಿದ್ದರೆ ಅದರ ಮೇಲೆ ಹತ್ತಿ ಕುಣಿಯಬೇಡಿ.

"ಅಷ್ಟೆಲ್ಲ ತಲೆನೋವು ಯಾಕೆ, ಆ ಎಂಜಿನ್ ಗುಜರಿಗೆ ಹಾಕಿ ಡೀಸೆಲ್ ಎಂಜಿನ್ ಕೂರಿಸಿ" ಎನ್ನುವವರು ಬಹಳ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲೇ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ಅದು ಸಿಗುತ್ತದೆ, ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ದಿನನಿತ್ಯ ಓಡಿಸುವಂತಿಲ್ಲ, ನಿಜ. ಆದರೆ ಚಾಸಿಸ್, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ಎಂಜಿನ್ ಕೆ.ಜಿ. ಲೆಕ್ಕದಲ್ಲಿ ಮಾರಿದ ಮೇಲೆ ಆ ಬಾಗಿಲು ಮುಚ್ಚಿದ ಹಾಗೇ ಅಲ್ವಾ?

ನವರಾತ್ರಿಗೆ ಮುಂಚೆ ತಮ್ಮ ಪತ್ರಿಕೆ ಈ ವಿಷಯಕ್ಕೆ ಅರ್ಧ ಪುಟ ಕೊಡಲಿ. ಶಿವಮೊಗ್ಗ, ಸಾಗರದ ಹಳೇ ಗ್ಯಾರೇಜುಗಳಲ್ಲಿ ಈ ಎಂಜಿನ್ ಕೈಯಲ್ಲೇ ಬಲ್ಲವರು ಇನ್ನೂ ಇದ್ದಾರೆ, ಅವರನ್ನು ಮಾತಾಡಿಸಿ ಬರೆಸಿ. ಇನ್ನೊಂದು ಮಾತು. ಸ್ಟಾರ್ಟ್ ಆದ ಖುಷಿಯಲ್ಲಿ ಯಾರೂ ಗಾಡಿಯನ್ನು ನೇರ ರಸ್ತೆಗೆ ಇಳಿಸಬೇಡಿ. ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಗಟ್ಟಿಯಾಗಿರುತ್ತದೆ, ನಾಲ್ಕೂ ಚಕ್ರ ಬಿಚ್ಚಿಸಿ ಬ್ರೇಕ್ ನೋಡಿಸಿದ ಮೇಲೇ ಘಾಟಿ ಕಡೆ ಹೋಗಿ.

- ಒಬ್ಬ ಓದುಗ, ತೀರ್ಥಹಳ್ಳಿ